ಗಾಲಿಯ ಮೇಲೆ ಮನೆಗೆ ಬರುವ ದೋಣಿ

ಕೋಳಿ ಕೂಗುವ ಹೊತ್ತಿಗೆ ಉಚ್ಚಂಗೆಮ್ಮನ ದೋಣಿ ಮನೆಯಂಗಳ ಬಿಡುತ್ತದೆ. ಎರಡು ಗಾಲಿಯ ಬಂಡಿಯ ಮೇಲೆ ಹನ್ನೆರಡು ಅಡಿಯ ಹಾಯಿದೋಣಿ, ಎಳೆಯಲು ಒಂಟಿ ಎತ್ತು. ಹಡಗಲಿ ಸೀಮೆಯ ಹಿನ್ನೀರಿಗೆ ಒಂದು ಮೈಲಿ. ಬಂಡಿಯನ್ನು ಹಿಂದಕ್ಕೆ ನೂಕಿ ನೀರಿಗಿಳಿಸಿದರೆ ದೋಣಿ ತಾನೇ ತೇಲುತ್ತದೆ.

ದಿನಕ್ಕೆ ಊರಿನ ಬೆಳೆಗಾರರ ಹನ್ನೆರಡು ಬುಟ್ಟಿ ಮಲ್ಲಿಗೆ ಮೊಗ್ಗು. ಅರಳುವ ಮೊದಲು ಅವು ಆಚೆ ದಡದ ಬಸ್ಸು ಹತ್ತಬೇಕು. ಹರಿಗೋಲು ಮುಟ್ಟುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಹಲಗೆ ಕೂಡಿಸಿದ್ದು ಗಂಡ ಹುಲುಗಪ್ಪ, ಬಡಗಿ. ೧೯೮೧ರಲ್ಲಿ, ಹಾಯಿ ಕಟ್ಟುವ ಮೊದಲೇ ತೀರಿಕೊಂಡ. ಹಾಯಿಯನ್ನು ಆಕೆಯೇ ಹೊಲಿದಳು, ಕೌದಿ ಹೊಲಿದ ಹಾಗೆ ಬಿಗಿಯಾಗಿ, ಸಪಾಟಾಗಿ. ಅದರಲ್ಲಿ ಗಾಳಿ ತುಂಬಲೇ ಇಲ್ಲ.

"ಮೂರು ಸಲ ಬಿಚ್ಚೀನ್ರಿ. ಕೌದಿ ಮೈಮ್ಯಾಲೆ ಕುಂತ್ರ ಸಾಕು, ಹಾಯಿಗೆ ಹೊಟ್ಟಿ ಬೇಕು," ಎನ್ನುತ್ತಾಳೆ.

ವಿಧವೆಯ ಕೈಯಲ್ಲಿ ಹೂವೇ ಎಂದವರೂ ಇದ್ದರು. ಎರಡು ದಿನ ಬಸ್ಸು ತಪ್ಪಿದ ಮೇಲೆ ಅವರೂ ಬುಟ್ಟಿ ತಂದರು.

ಕಡವಿನ ಗುತ್ತಿಗೆ, ಹರಿಗೋಲು ಎರಡೂ ಗುರುಸಂಗಪ್ಪನವು. ಹೊತ್ತು ಮುಳುಗಿದ ಮೇಲೆ ದಡದಲ್ಲಿ ಬೇರೆಯವರ ದೋಣಿ ಕಂಡರೆ ಜಪ್ತಿ ಎಂದು ಆತ ಸಾರಿದ್ದಾನೆ. ಆಕೆ ಜಗಳಕ್ಕೆ ಹೋಗಲಿಲ್ಲ. ಗಂಡನ ಹಳೆಯ ಗಾಲಿಗಳನ್ನು ಹುಡುಕಿ ತೆಗೆದಳು.

ಈ ಶ್ರಾವಣದ ಒಂದು ಮಧ್ಯಾಹ್ನ, ಮರಳಿ ಬರುವಾಗ, ಗಾಳಿ ನಿಂತುಬಿಡುತ್ತದೆ. ಹಾಯಿ ಇಳಿಸಿ ಹುಟ್ಟು ಹಿಡಿಯುತ್ತಾಳೆ. ಅಂಗೈ ಬೊಬ್ಬೆ ಎದ್ದು ಒಡೆಯುತ್ತದೆ. ಹೊತ್ತು ಗುಡ್ಡಕ್ಕೆ ತಾಗುವ ವೇಳೆಗೆ ದಡದಲ್ಲಿ ಗುರುಸಂಗಪ್ಪ, ಇಬ್ಬರು ಆಳುಗಳು, ಒಂದು ಸರಪಳಿ. ದೋಣಿ ಹೋದರೆ ಹನ್ನೆರಡು ಬುಟ್ಟಿಯೂ ಆತನ ಹರಿಗೋಲಿಗೇ.

ನೆರೆಮನೆಯ ಓಬಮ್ಮ ಆಗಲೇ ಬಂಡಿಯನ್ನು ನೀರಿಗಿಳಿಸಿ ಕಾಯುತ್ತಿದ್ದಾಳೆ. ದೋಣಿ ಬಂಡಿಯೇರುತ್ತದೆ, ಇಬ್ಬರೂ ಹಗ್ಗ ಬಿಗಿಯುತ್ತಾರೆ. ಗಾಲಿ ದಡ ದಾಟುವಾಗ ಗುಡ್ಡದ ನೆತ್ತಿಯಲ್ಲಿ ಕೆಂಪು ಸೂರ್ಯ ಇನ್ನೂ ಅರ್ಧ ಉಳಿದಿದ್ದಾನೆ. ಆಳುಗಳು ಯಜಮಾನನ ಮುಖ ನೋಡುತ್ತಾರೆ.

"ಎಷ್ಟು ದಿನ ಎಳಿತೀಬೇ ಇದನ್ನ?" ಎನ್ನುತ್ತಾನೆ ಗುರುಸಂಗಪ್ಪ.

"ಗಾಲಿ ಸವೆಯೋತನಕ. ಸವದ್ರ ಹೊಸಾವು ಹಾಕ್ತೀನ್ರಿ."

ದಾರಿಯಲ್ಲಿ ಓಬಮ್ಮ ಕೇಳುತ್ತಾಳೆ, ಇಷ್ಟು ಹೆಣಗಿ ನಿನಗೆ ಬೇಕಾದ್ದಾದರೂ ಏನು ಎಂದು. ಉಚ್ಚಂಗೆಮ್ಮ ಸೆರಗಿನ ಚುಂಗನ್ನು ಅಂಗೈಗೆ ಸುತ್ತಿಕೊಳ್ಳುತ್ತಾಳೆ.

"ದಡದಾಗ ದೋಣಿ ಕಟ್ಟಾಕ ಒಂದು ಗೂಟ. ನನ್ನ ಹೆಸರಿಂದು. ಅದು ಬರೋತನಕ ಅಂಗಳ ಐತಿ."