ಶಾಂತವ್ವನ ಮಣೆ

ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಯಾಕೆ ಉಳಿಯುವುದಿಲ್ಲ ಎಂದು ವರದಿ ಬರೆಯುವುದು ನನ್ನ ಕೆಲಸ. ಪುಣೆ ಹತ್ತಿರದ ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಹೋದರೆ ಗೇಟಿನಲ್ಲೇ ಜಗಳ. ಅಲ್ಲಿ ಕೆಲಸ ಮಾಡುವ ಶಾಂತವ್ವ ಮನೆಯಿಂದ ಕಟ್ಟಿಗೆಯ ಮಣೆ ತಂದಿದ್ದಳು. ಊಟದ ಡಬ್ಬಿ ಬಿಟ್ಟು ಏನನ್ನೂ ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಅಡ್ಡ ನಿಂತಿದ್ದ.

"ಮಣೆ ಯಾಕ ತಂಗಿ?" ಎಂದೆ.

ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು. "ಮಶೀನು ಗಂಡಸರ ಎತ್ತರಕ್ಕ ಅದರಿ. ದಿನಾ ತುದಿಗಾಲ ಮ್ಯಾಲೆ ನಿಂತು ಕಾಲು ಭಾಳ ನೋಯ್ತಾವ. ಇದನ್ನ ಒಳಗ ಬಿಡಲಿಲ್ಲಂದ್ರ ನಾನೂ ಕೆಲಸ ಬಿಡ್ತೀನ್ರಿ."

ನನ್ನ ಪ್ರಶ್ನಾವಳಿಯಲ್ಲಿ ಸಂಬಳ, ಬಸ್ಸು, ಶೌಚಾಲಯ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಎಲ್ಲ ಇದ್ದವು. ಎತ್ತರ ಇರಲಿಲ್ಲ.

ಮ್ಯಾನೇಜರ್ ಕೂಡ ನಿಯಮ ಅಂದರೆ ನಿಯಮ ಅಂದರು. ಅವರೂ ಗಿಡ್ಡ ಆಳು. "ಒಮ್ಮೆ ನೀವೇ ಆ ಮಶೀನಿನ ಮುಂದೆ ನಿಂತು ನೋಡಿ" ಎಂದು ಮರಾಠಿಯಲ್ಲಿ ಕೇಳಿಕೊಂಡೆ. ಗುಂಡಿ ಒತ್ತಲು ಅವರೂ ಹಿಮ್ಮಡಿ ಎತ್ತಬೇಕಾಯಿತು. ಹಿಮ್ಮಡಿ ಇಳಿಸಿ, ಮಶೀನಿನ ಎತ್ತರ ಅಳೆಯಲು ಹೇಳಿದರು.

ಮುಂದಿನ ತಿಂಗಳು ಹೋದಾಗ ಹೆಂಗಸರ ಮಶೀನುಗಳ ಮುಂದೆಲ್ಲ ನಿಲ್ಲಲು ಗಟ್ಟಿ ಹಲಗೆಗಳು ಬಂದಿದ್ದವು. ಶಾಂತವ್ವ ಒಂದರ ಮೇಲೆ ನೆಟ್ಟಗೆ ನಿಂತಿದ್ದಳು. ಕಾರ್ಖಾನೆ ಅದಕ್ಕೆ ಮಹಿಳಾ ಯೋಜನೆ ಎಂದು ಹೆಸರಿಟ್ಟಿದೆ. ನಮಗೂ ಹಲಗೆ ಬೇಕು ಎಂದು ಅರ್ಜಿ ಹಾಕಿರುವ ಏಳು ಮಂದಿಯೂ ಗಂಡಸರು.