ಹಲಗೆಯ ಒಂದೂವರೆ ಸಾಲು

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ಒಂದೊಂದು ಲೇಖನ ಆರಿಸಿಕೊಂಡು ತಿದ್ದಿ ಬೆಳೆಸಬೇಕು. ಅರ್ಧ ತರಗತಿ ಕಿತ್ತೂರು ಕೋಟೆ ಬೇಕೆಂದಿತು, ಉಳಿದರ್ಧ ಸವದತ್ತಿ ಗುಡ್ಡ.

"ಕೋಟಿ ಕಟ್ಟಿ ಮುಗದೈತಿ, ನೀವೇನು ಇಟ್ಟಂಗಿ ಹೊರಾಕ ಹೊಂಟೀರೇನು?" ಎಂದು ಗದರಿದೆ. ಚಿಕ್ಕ ಲೇಖನ ಹುಡುಕಬೇಕು, ಅದರ ಬಗ್ಗೆ ಪುಸ್ತಕ ಇರಬೇಕು, ಓದಿದರೆ ಸಿಟ್ಟು ಬರಬೇಕು. ಕೊನೆಯ ನಿಯಮ ಯಾವ ಕೈಪಿಡಿಯಲ್ಲೂ ಇಲ್ಲ, ನನ್ನದೇ.

ಮುರಗೋಡದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಮೊಬೈಲು ತಂದು ತೋರಿಸಿದಳು. ಹಲಗೆಯ ಲೇಖನ. ಹೆಣದ ಮುಂದೆ ಕೇರಿಯವರು ಬಾರಿಸುವ ಚರ್ಮವಾದ್ಯ ಎಂದು ಒಂದೂವರೆ ಸಾಲು, ಅಲ್ಲಿಗೆ ಮುಗಿಯಿತು.

"ಸಿಟ್ಟು ಬಂತೇನು?"

"ಬಂದೈತ್ರಿ ಮೇಡಂ. ನಮ್ಮಜ್ಜ ಹಲಗಿ ಬಾರಸ್ತಿದ್ರಿ. ಇದನ್ನ ಹಿಂಗ ಬಿಟ್ಟು ನಾ ಕೋಟಿ ಮ್ಯಾಲ ಬರ್ಯಾಂಗಿಲ್ರಿ."

ಈ ಸುದ್ದಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಮುಟ್ಟಿತು. ಒಳ್ಳೆಯ ಮನುಷ್ಯರು, ಅದೇ ತೊಂದರೆ. ನಮ್ಮಿಬ್ಬರನ್ನೂ ಕರೆಸಿದರು. "ಬ್ಯಾರೆ ವಿಷಯ ತಗೋವಾ. ನೀ ಯಾವ ಕೇರಿಯಾಕಿ ಅಂತ ಕ್ಲಾಸಿಗೆಲ್ಲಾ ಗೊತ್ತಾಗತೈತಿ. ನಿನ್ನ ಮರ್ಯಾದಿ ಸಲುವಾಗಿ ಹೇಳಾಕತ್ತೇನಿ."

ಈಗೇನು ಗೊತ್ತಿಲ್ಲವೇ? ಹಾಜರಿ ಕರೆಯುವಾಗಲೇ ಅಡ್ಡಹೆಸರು ಕೇಳಿ ಕುಲ ಅಳೆಯುವ ಜನ ನಾವು. ಪಂಚಾಂಗ ಹೇಳುವ ಮನೆಯಲ್ಲಿ ಹುಟ್ಟಿದ ನನಗೂ ಮರ್ಯಾದೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ಕಲಿಸಿದ್ದರು. ನಾನು ಕಲಿಯಲಿಲ್ಲ. "ವಿಷಯ ಅಕಿದು, ಬದಲಿ ಮಾಡಾಂಗಿಲ್ರಿ ಸರ್" ಎಂದೆ. ಮಕ್ಕಳು ತರಗತಿಯಲ್ಲಿ ಲೇಖನ ಓದಿ ಒಪ್ಪಿಸುವ ಕೊನೆಯ ದಿನ ತಾವೇ ಬಂದು ಕೇಳುವುದಾಗಿಯೂ, ಸರಿಕಾಣದಿದ್ದರೆ ಆ ಕೆಲಸಕ್ಕೆ ಅಂಕವಿಲ್ಲವೆಂದೂ ಅವರು ಹೇಳಿದರು.

ಹುಡುಗಿ ಅಂದೇ ಒಂದು ಪುಟ ಬರೆದು ಹಾಕಿದಳು. ಆಧಾರ ಕೊಡುವ ಜಾಗದಲ್ಲಿ 'ನಮ್ಮ ಅಜ್ಜ' ಎಂದಿತ್ತು! ಮರುದಿನ ನೋಡಿದರೆ ಯಾರೋ ಎಲ್ಲ ಅಳಿಸಿದ್ದರು, ಹಳೆಯ ಒಂದೂವರೆ ಸಾಲು ಮತ್ತೆ ಬಂದು ಕುಳಿತಿತ್ತು. ಕಣ್ಣು ತುಂಬಿಕೊಂಡು ಬಂದವಳನ್ನು ನಾನು ಸಂತೈಸಲಿಲ್ಲ.

"ಅಜ್ಜ ಹೇಳಿದ್ದು ಖರೇನ. ಅದನ್ನ ಅಚ್ಚಾದ ಪುಸ್ತಕದಾಗ ಹುಡುಕು. ಆಮ್ಯಾಲ ಯಾರ ಅಳಸ್ತಾರ ನೋಡೂಣು."

ಗ್ರಂಥಾಲಯದ ಜಾನಪದ ಕಪಾಟಿನ ಧೂಳಿಗೆ ಇಬ್ಬರೂ ಸೀನಿದೆವು. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುವುದು, ಮದುವೆಯ ಮೆರವಣಿಗೆ, ಡಂಗುರ, ಹೋಳಿ, ಅಜ್ಜ ಹೇಳಿದ್ದೆಲ್ಲ ಅಲ್ಲಿತ್ತು. ಪುಟಸಂಖ್ಯೆ ಸಮೇತ ಮತ್ತೆ ಬರೆದಳು. ಈ ಸಲ ಯಾರೂ ಮುಟ್ಟಲಿಲ್ಲ.

ಕೊನೆಯ ದಿನ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕುಳಿತರು. ಹುಡುಗಿ ಲೇಖನ ಓದಿ ಮುಗಿಸಿ ತಲೆಯೆತ್ತಿದಳು. "ಹೋಳಿ ಹುಣ್ಣಿವಿಗೆ ಯಾರ್ಯಾರು ಹಲಗಿ ಬಾರಿಸೀರಿ, ಕೈ ಎತ್ರಿ."

ನಮ್ಮ ಕಡೆ ಹೋಳಿ ಬಂತೆಂದರೆ ಓಣಿ ಓಣಿಯ ಹುಡುಗರ ಹೆಗಲಿಗೆ ಹಲಗೆ ಬೀಳುತ್ತದೆ, ಯಾವ ಮನೆಯವನೆಂದು ಯಾರೂ ಕೇಳುವುದಿಲ್ಲ. ಬಣ್ಣ ತೊಳೆದುಕೊಂಡ ಮೇಲೆ ಅದು ಮತ್ತೆ ಕೇರಿಯದು. ಹುಡುಗರೆಲ್ಲ ಕೈ ಎತ್ತಿದರು.

"ಸರ್, ನೀವು?"

ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡರು. "ಸಣ್ಣಾವಿದ್ದಾಗ ಬಾರಿಸೇನಿ" ಎಂದು ಅರ್ಧ ಕೈ ಎತ್ತಿದರು.

"ಬಾರಿಸಿದ್ರ ನಿಮ್ಮ ಮರ್ಯಾದಿ ಹೋಗಲಿಲ್ಲ. ಬರದ್ರ ನಂದ್ಹೆಂಗ ಹೋಗತೈತ್ರಿ?"

ನಾನು ಎದ್ದು ಹಿಂದಿನ ಬೆಂಚಿಗೆ ಹೋಗಿ, ಅವಳಿಗೆ ಅಂಕ ಹಾಕಲೆಂದು ಅವರ ಎತ್ತಿದ ಕೈಗೇ ಪೆನ್ನು ಕೊಟ್ಟೆ.