ಒಳಗಿನ ಚಿಲಕ

ಆಲ್ದೂರಿನ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ವಿಶ್ವನಾಥರ ಹಾರ್ಡ್‌ವೇರ್ ಅಂಗಡಿ. ಊರಿನ ಅರ್ಧ ಬಾಗಿಲುಗಳಿಗೆ ಚಿಲಕ ಹೋಗಿದ್ದು ಅಲ್ಲಿಂದಲೇ. ಆದರೆ ಅಂಗಡಿಯ ಹಿಂದಿನ ಅವರ ಸ್ವಂತ ಮನೆಯಲ್ಲಿ ಬೀದಿ ಬಾಗಿಲು, ಬಚ್ಚಲುಮನೆ ಬಿಟ್ಟರೆ ಯಾವ ಕೋಣೆಗೂ ಒಳಗಿನಿಂದ ಚಿಲಕವಿರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿಯೇ ಇರಲಿಲ್ಲ.

ಅವರ ಹೆಂಡತಿ ಗಿರಿಜಾಂಬಾಳಿಗಂತೂ ತನ್ನ ನಲವತ್ತಾರು ವರ್ಷದ ಬಾಳಿನಲ್ಲಿ ಒಂದು ರಾತ್ರಿಯೂ ಒಬ್ಬಳೇ ಮಲಗಿ ಗೊತ್ತಿಲ್ಲ. ಗೋಣಿಬೀಡಿನ ತವರಿನಲ್ಲಿ ಐವರು ಅಕ್ಕತಂಗಿಯರು ಒಂದೇ ಜಮಖಾನದ ಮೇಲೆ. ಅತ್ತೆ ಹಾಸಿಗೆ ಹಿಡಿದ ಆರು ವರ್ಷ ಅತ್ತೆಯ ಮಗ್ಗುಲು. ಆಮೇಲೆ ಮಗಳು ತನುಜಾ. ಹದಿನಾರು ತುಂಬಿದರೂ ಅವಳು ಅಮ್ಮನ ಪಕ್ಕದಲ್ಲೇ. ಒಬ್ಬರೇ ಮಲಗುವುದೆಂದರೆ ದಿಕ್ಕಿಲ್ಲದವರ ಪಾಡು ಎಂದು ಗಿರಿಜಾಂಬಾ ತಿಳಿದಿದ್ದಳು.

ತನುಜಾ ಓದುವ ಚಿಕ್ಕಮಗಳೂರಿನ ಶಾಲೆಗೆ ಜರ್ಮನಿಯಿಂದ ಹತ್ತು ಮಕ್ಕಳು ಬಂದರು. ಎರಡು ವಾರ ಯಾರ ಮನೆಯಲ್ಲಿ ಅವರು ಉಳಿಯುತ್ತಾರೋ, ಆ ಮನೆಯ ಮಕ್ಕಳು ಮೇ ತಿಂಗಳಲ್ಲಿ ಜರ್ಮನಿಗೆ ಹೋಗಿ ಅವರ ಮನೆಯಲ್ಲಿ ಉಳಿಯಬೇಕು. ಅದೇ ಕರಾರು. ತನುಜಾ ಎರಡು ವರ್ಷದಿಂದ ಇದೊಂದನ್ನೇ ಜಪಿಸುತ್ತಿದ್ದಳು. ಪಾಸ್‌ಪೋರ್ಟ್ ಬಂದಿತ್ತು. ಉಣ್ಣೆಯ ಕೋಟು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಕಾಯುತ್ತಿತ್ತು. ಇವರ ಪಾಲಿಗೆ ಬಂದವಳು ಲೇನಾ, ಮಾತು ಕಡಿಮೆಯ ಉದ್ದನೆಯ ಹುಡುಗಿ.

ಬಂದ ಸಂಜೆಯೇ ಲೇನಾ ತನಗೆ ಕೊಟ್ಟ ಕೋಣೆಯ ಬಾಗಿಲನ್ನು ಹಿಂದೆ ಮುಂದೆ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ಅಮ್ಮ, ಒಳಗಿಂದ ಚಿಲಕ ಇಲ್ವಾ ಅಂತಿದಾಳೆ" ಎಂದಳು ತನುಜಾ.

ಗಿರಿಜಾಂಬಾ ಲೇನಾಳ ಬೆನ್ನು ಸವರಿದಳು. "ಅಯ್ಯೋ, ಹೆದ್ರಿಕೆ ಕಣೇ ಪಾಪ! ಹೊಸ ಊರು. ನಾನೇ ಪಕ್ಕದಲ್ಲಿ ಮಲಗ್ತೀನಿ, ಧೈರ್ಯವಾಗಿರು ಅಂತ ಹೇಳು."

ಚಾಪೆ ಕೋಣೆಗೆ ಬಂತು. ಮಾರನೆಯ ದಿನ ಲೇನಾ ಪುಸ್ತಕ ಹಿಡಿದರೆ ಗಿರಿಜಾಂಬಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು. ಬಾಗಿಲು ಮುಚ್ಚಿದರೆ ಕಾಫಿ ಹಿಡಿದು ತಳ್ಳಿಕೊಂಡು ಬಂದಳು.

"ಅಮ್ಮ, ಅವಳಿಗೆ ಸ್ವಲ್ಪ ಹೊತ್ತು ಒಬ್ಳೇ ಇರ್ಬೇಕಂತೆ. ನಿಜವಾಗ್ಲೂ."

"ಎಲ್ಲಾ ಸಂಕೋಚ. ಮೂರನೇ ದೋಸೆನೂ ಬೇಡ ಅಂದ್ಲು, ಹಾಕಿದ್ಮೇಲೆ ತಿನ್ಲಿಲ್ವಾ?"

ಗಿರಿಜಾಂಬಾಳನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆ ನೆಂಟರು ಬೇಡವೆಂದದ್ದನ್ನು ನಂಬಿ ಸುಮ್ಮನಾದವರಿಗೇ ಕೆಟ್ಟ ಹೆಸರು. ವಿಶ್ವನಾಥರು ಅಂಗಡಿಯಿಂದ ಒಂದು ಚಿಲಕ ತಂದರು. "ಹಾಕ್ಸಿಬಿಡೋಣ ಮಾರಾಯ್ತಿ, ಏನ್ ಹೋಗುತ್ತೆ?"

"ಬಂದೋರು ಬಾಗ್ಲು ಹಾಕ್ಕೊಂಡು ಕೂರೋ ಮನೆ ಆಗ್ಬೇಕಾ ರೀ ನಮ್ದು?"

ತಂದ ಚಿಲಕ ಹಾಗೆಯೇ ಕಿಟಕಿಯ ಕಟ್ಟೆಯ ಮೇಲೆ ಕೂತಿತು.

ಆರನೆಯ ದಿನ ಬೆಳಿಗ್ಗೆ ಶಾಲೆಯ ರಜನಿ ಮೇಡಂ ಜೀಪಿನಲ್ಲಿ ಬಂದರು. ಕೊಟ್ಟ ಕಾಫಿಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ಬೇಜಾರು ಮಾಡ್ಕೋಬೇಡಿ ಗಿರಿಜಾಂಬಾ ಅವ್ರೇ. ಹುಡುಗಿ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಐದು ರಾತ್ರಿಯಿಂದ ನಿದ್ದೆ ಇಲ್ಲ ಅಂತ ಅತ್ಲು, ಅಷ್ಟೇ. ಮೂಡಿಗೆರೆ ಹತ್ರ ಮಲ್ಲಿಕಾರ್ಜುನ ಅವ್ರ ಎಸ್ಟೇಟ್ ಬಂಗಲೇಲಿ ಬೇರೆ ರೂಮ್ ಇದೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ."

"ಹಾಗಾದ್ರೆ ನಮ್ಮ ತನುಜಾ?"

ಮೇಡಂ ನೆಲ ನೋಡಿದರು. "ಅವ್ರ ಮಗಳು ರೂಪಶ್ರೀ ಹೋಗ್ತಾಳೆ. ಕರಾರು ನಿಮಗೆ ಗೊತ್ತಲ್ಲ."

ಹೊರಡುವಾಗ ಲೇನಾ ಗಿರಿಜಾಂಬಾಳನ್ನು ತಬ್ಬಿಕೊಂಡು ಬಿಕ್ಕಿದಳು. ಗಿರಿಜಾಂಬಾ ಅಭ್ಯಾಸಬಲದಿಂದ ಕೋಡುಬಳೆಯ ಡಬ್ಬಿಯನ್ನು ಅವಳ ಚೀಲಕ್ಕೆ ತುರುಕಿದಳು. ಹುಡುಗಿ ಬೇಡವೆಂದು ತಲೆಯಾಡಿಸಿದ್ದು ಕಂಡರೂ ತುರುಕಿದಳು.

ತನುಜಾ ಅಳಲಿಲ್ಲ, ಕೂಗಾಡಲಿಲ್ಲ. ಅದೇ ಗಿರಿಜಾಂಬಾಳನ್ನು ಹೆದರಿಸಿದ್ದು. ಮರುದಿನ ಶಾಲೆಯಿಂದ ಬಂದವಳೇ ಅಪ್ಪನ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು, ಕಿಟಕಿಯ ಮೇಲಿದ್ದ ಚಿಲಕವನ್ನು ಆ ಕೋಣೆಯ ಬಾಗಿಲಿಗೆ ತಾನೇ ಜಡಿದಳು. ಒಂದು ಸ್ಕ್ರೂ ಓರೆಯಾಗಿ ಕೂತಿತು. ಗಿರಿಜಾಂಬಾ ಕಾಫಿ ಹಿಡಿದು ನಿಂತಿದ್ದಳು.

"ತನೂ, ನಂಗೇನು ಗೊತ್ತಿತ್ತು ಮಗಾ..."

"ನಾನು ಹೇಳಿದ್ದೆ ಅಮ್ಮ."

ಬಾಗಿಲು ಮುಚ್ಚಿತು. ಚಿಲಕ ಸರಿದ ಸದ್ದು ಕೇಳಿತು.

ಗಿರಿಜಾಂಬಾ ಕೈ ಎತ್ತಿದಳು. ಈ ಮನೆಯಲ್ಲಿ ಬಾಗಿಲು ತಟ್ಟಿ ಆಕೆಗೆ ಅಭ್ಯಾಸವೇ ಇರಲಿಲ್ಲ. ಕೈ ಇಳಿಸಿ, ಲೋಟವನ್ನು ಹೊಸ್ತಿಲ ಬಳಿ ಇಟ್ಟು ಅಡುಗೆಮನೆಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಬಂದು ನೋಡಿದರೆ ಕಾಫಿ ಕೆನೆಗಟ್ಟಿ ಹಾಗೆಯೇ ಇತ್ತು.